ಬ್ರೇಕ್ ಪ್ಯಾಡ್ ಸವಾರನ ಕಣ್ಣಿಗೂ ಬೀಳಲಿ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲದಲ್ಲಿ ಮಂಜು ಕವಿದು ಹತ್ತು ಮಾರು ಆಚೆಗಿನದು ಕಾಣದಾದಾಗ ಬೈಕ್ ಸವಾರರ ಬಲಗೈ ಬೆರಳುಗಳು ಬ್ರೇಕ್ ಲಿವರ್ ಬಿಟ್ಟು ಕದಲುವುದೇ ಇಲ್ಲ. ಬೈಕೂ ಸವಾರನೂ ಸೇರಿ 200 ಕಿಲೋ ಭಾರವೆಂದು ಲೆಕ್ಕ ಹಾಕಿದರೆ, 500 ಮೀಟರ್ ಎತ್ತರದಿಂದ ಕೆಳಕ್ಕೆ ಬರುವಷ್ಟರಲ್ಲಿ ಸುಮಾರು 980 ಕಿಲೋಜೂಲ್ ಶಕ್ತಿ ಶಾಖವಾಗಿ ಹೊರಹೋಗಬೇಕು. ಮೂರು ಲೀಟರ್ ತಣ್ಣೀರು ಕುದಿ ಬರಲು ಅಷ್ಟು ಶಾಖ ಸಾಕು. ಗೇರ್ ಇಳಿಸಿಕೊಂಡು ಬರುವವರಿಗೆ ಅದರಲ್ಲೊಂದು ದೊಡ್ಡ ಪಾಲನ್ನು ಎಂಜಿನ್ ಹೊತ್ತುಕೊಳ್ಳುತ್ತದೆ, ಮತ್ತೊಂದಿಷ್ಟನ್ನು ಗಾಳಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಜಾರುವವರ ಬೈಕಿನಲ್ಲಿ ಹೆಚ್ಚುಕಡಿಮೆ ಎಲ್ಲ ಹೊರೆಯೂ ಬೀಳುವುದು ಬ್ರೇಕಿನ ಮೇಲೆ.

ಆ ಬ್ರೇಕ್ ಎಂದರೆ ಏನು? ಮುಂಚಕ್ರದ ಡಿಸ್ಕನ್ನು ಎರಡು ಕಡೆಯಿಂದ ಅಮುಕುವ ಒಂದು ಜೊತೆ ಪ್ಯಾಡ್. ಎರಡೂ ಸೇರಿ ಒಂದು ಅಂಗೈಯಲ್ಲಿ ಹಿಡಿಸುತ್ತವೆ. ಉಕ್ಕಿನ ತಗಡಿನ ಮೇಲೆ ಅಂಟಿಸಿದ ಘರ್ಷಣೆಯ ಪದರ ಹೊಸದಾಗಿದ್ದಾಗಲೂ ಕೆಲವೇ ಮಿಲಿಮೀಟರ್ ದಪ್ಪ. ಅದು ಸುಮಾರು ಒಂದು ಮಿಲಿಮೀಟರಿಗೆ ಇಳಿದಾಗ ಬದಲಾಯಿಸಬೇಕೆಂದು ಬಹುತೇಕ ಕೈಪಿಡಿಗಳು ಹೇಳುತ್ತವೆ. ಅಂದರೆ ಒಂದು ಪ್ಯಾಡಿನ ಇಡೀ ಆಯುಷ್ಯ ಮೂರು ನಾಲ್ಕು ಮಿಲಿಮೀಟರುಗಳ ನಡುವೆ ಮುಗಿಯುತ್ತದೆ.

ಆ ಮಿಲಿಮೀಟರುಗಳನ್ನು ನೋಡುವವರು ಯಾರು ಎಂಬುದು ಇಲ್ಲಿನ ಪ್ರಶ್ನೆ. ವರ್ಷಕ್ಕೆರಡು ಸಲ ಗ್ಯಾರೇಜಿಗೆ ಬಿಟ್ಟಾಗ ಮೆಕ್ಯಾನಿಕ್ ನೋಡುತ್ತಾನೆ ಎಂಬುದು ವಾಡಿಕೆಯ ಉತ್ತರ. ಆದರೆ ಪ್ಯಾಡ್ ಸವೆಯುವುದು ಸರ್ವಿಸ್ ತಾರೀಖು ನೋಡಿಕೊಂಡಲ್ಲ. ಬೆಂಗಳೂರಿನ ಸಿಗ್ನಲ್, ಹಂಪುಗಳ ನಡುವೆ ದಿನವೂ ಓಡುವ ಬೈಕು, ಸಕಲೇಶಪುರ ಸೀಮೆಯ ಕಾಫಿ ತೋಟದ ಕೆಸರಿನಲ್ಲಿ ಓಡುವ ಬೈಕು, ಚಿತ್ರದುರ್ಗದ ಹೆದ್ದಾರಿಯಲ್ಲಿ ನೇರ ಸಾಗುವ ಬೈಕು, ಮೂರೂ ಒಂದೇ ಕಂಪನಿಯ ಒಂದೇ ಮಾದರಿಯವಾದರೂ ಪ್ಯಾಡ್ ಮುಗಿಯುವ ಹೊತ್ತು ಬೇರೆ ಬೇರೆ. ಅದನ್ನು ದಿನವೂ ಹತ್ತಿರದಿಂದ ನೋಡಬಲ್ಲವನು ಸವಾರನೊಬ್ಬನೇ. ಮೋಟಾರ್‌ಸೈಕಲ್ ಇಟ್ಟುಕೊಂಡ ಪ್ರತಿಯೊಬ್ಬರೂ ಬ್ರೇಕ್ ಪ್ಯಾಡನ್ನು ತಾವೇ ನೋಡಲು ಕಲಿಯಬೇಕು, ಮನಸ್ಸಿದ್ದವರು ಮನೆಯಂಗಳದಲ್ಲೇ ಬದಲಾಯಿಸಲೂ ಕಲಿಯಬೇಕು. ಅದಕ್ಕೆ ಬೇಕಾದ ತಿಳಿವಳಿಕೆ, ಕೈಪಿಡಿ, ಸಲಕರಣೆ ಸಿಗುವಂತೆ ಮಾಡುವುದು ಬೈಕ್ ಮಾರುವವರ ಮತ್ತು ಸರ್ಕಾರದ ಹೊಣೆಯಾಗಬೇಕು.

ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ದಾಖಲಿಸಿದೆ. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಅತಿವೇಗ, ಹೆಲ್ಮೆಟ್ ಇಲ್ಲದಿರುವುದು ಈ ಸಾವುಗಳ ದೊಡ್ಡ ಕಾರಣಗಳೆಂಬುದು ನಿಜ, ಅದನ್ನು ಮರೆಸಿ ಎಲ್ಲವನ್ನೂ ಬ್ರೇಕಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅತಿವೇಗದ ಅಪಘಾತವೂ ಕೊನೆಗೆ ನಿಲ್ಲಲಾಗದ ಅಪಘಾತವೇ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ದನ ಬಂತೆಂದು ಕಂಡು, ಕೈ ಲಿವರಿಗೆ ಹೋಗುವಷ್ಟರಲ್ಲಿ ಆ 17 ಮೀಟರ್ ಮುಗಿದಿರುತ್ತದೆ. ಆಮೇಲೆ ಒಳ್ಳೆಯ ಬ್ರೇಕ್, ಒಣ ರಸ್ತೆ ಇದ್ದರೆ ಇನ್ನು 24 ಮೀಟರಿನೊಳಗೆ ನಿಲ್ಲಬಹುದು. ಬ್ರೇಕಿನ ಹಿಡಿತ ಅರ್ಧಕ್ಕಿಳಿದರೆ ಅದೇ 24 ಮೀಟರ್ 47 ಆಗುತ್ತದೆ. ಆ ಹೆಚ್ಚಿನ 23 ಮೀಟರಿನೊಳಗೆ ಏನೇನು ಇರಬಹುದು ಎಂಬುದು ಶಾಲೆ ಬಿಡುವ ಹೊತ್ತಿಗೆ ಹೆದ್ದಾರಿ ದಾಟುವ ಊರುಗಳವರಿಗೆ ಗೊತ್ತು.

ಎಬಿಎಸ್ ಇದೆಯಲ್ಲ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕ ಎಂಜಿನ್ನಿನವುಗಳಿಗೆ ಕನಿಷ್ಠ ಸಿಬಿಎಸ್, ಅಂದರೆ ಒಂದು ಲಿವರ್ ಒತ್ತಿದರೆ ಎರಡೂ ಚಕ್ರಗಳ ಬ್ರೇಕ್ ಹಿಡಿಯುವ ವ್ಯವಸ್ಥೆ. ಒಳ್ಳೆಯ ನಿಯಮ, ಜೀವ ಉಳಿಸುವ ನಿಯಮ. ಆದರೆ ಎಬಿಎಸ್ ಮಾಡುವುದು ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಕೆಲಸವನ್ನು. ಪ್ಯಾಡಿನ ಪದರ ಸವೆದು ಉಕ್ಕಿಗೆ ಉಕ್ಕು ಉಜ್ಜುವ ಸ್ಥಿತಿ ಬಂದ ಮೇಲೆ ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ಕಾನೂನಿನ ಮಟ್ಟದಲ್ಲಿ ಇಲ್ಲೊಂದು ದೊಡ್ಡ ಕಂಡಿ ಇದೆ. ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷದ್ದು. ಆ 15 ವರ್ಷಗಳ ಅವಧಿಯಲ್ಲಿ ಮಾಲೀಕ ಬೈಕನ್ನು ಹೊಗೆ ತಪಾಸಣೆಗೆ ತಪ್ಪದೆ ಒಯ್ಯಬೇಕು, ಎಮಿಷನ್ ಟೆಸ್ಟ್ ಚೀಟಿ ಇಲ್ಲದಿದ್ದರೆ ದಂಡ. ಬ್ರೇಕನ್ನು ಮಾತ್ರ ಯಾರೂ ನಿಯತವಾಗಿ ನೋಡುವುದಿಲ್ಲ. ಸುರಕ್ಷಿತವಲ್ಲದ ವಾಹನವನ್ನು ರಸ್ತೆಗಿಳಿಸುವುದು ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಅಪರಾಧವೇನೋ ಹೌದು. ಆದರೆ ಸವೆದ ಪ್ಯಾಡನ್ನು ರಸ್ತೆಬದಿ ನಿಂತು ಹುಡುಕುವ ಪೊಲೀಸರು ಅಪರೂಪ. ಬ್ರಿಟನ್ನಿನಲ್ಲಿ ಬೈಕಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ಎಂಒಟಿ ಪರೀಕ್ಷೆ ಆಗಲೇಬೇಕು, ಬ್ರೇಕ್ ಅದರ ಮುಖ್ಯ ಭಾಗ. ಈ ಪರೀಕ್ಷೆ 1960ರಲ್ಲಿ ಶುರುವಾದಾಗ ಹಳೆಯ ವಾಹನಗಳಲ್ಲಿ ನೋಡುತ್ತಿದ್ದುದೇ ಬ್ರೇಕ್, ದೀಪ ಮತ್ತು ಸ್ಟಿಯರಿಂಗನ್ನು. ಜಪಾನಿನಲ್ಲಿ 250 ಸಿಸಿ ಮೀರಿದ ಬೈಕುಗಳಿಗೆ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಇಂಥದೇ ತಪಾಸಣೆ ಉಂಟು.

ಭಾರತದಷ್ಟು ದ್ವಿಚಕ್ರ ವಾಹನಗಳಿರುವ ದೇಶದಲ್ಲಿ ಅಂಥ ಪೂರ್ಣ ಪರೀಕ್ಷೆ ನಾಳೆಯೇ ಬರಲಾರದು. ಆದರೆ ಪೆಟ್ರೋಲ್ ಬಂಕಿನ ಮೂಲೆಯ ಎಮಿಷನ್ ಕೇಂದ್ರಕ್ಕೆ ಬೈಕು ಹೇಗೂ ಬಂದೇ ಬರುತ್ತದೆ. ಸೈಲೆನ್ಸರಿಗೆ ಕೊಳವೆ ತೂರಿಸುವ ಹುಡುಗನಿಗೆ ಒಂದು ಟಾರ್ಚು, ಒಂದು ದಿನದ ತರಬೇತಿ ಕೊಟ್ಟರೆ ಎರಡು ನಿಮಿಷದಲ್ಲಿ ಪ್ಯಾಡ್ ನೋಡಿ ಅದೇ ಚೀಟಿಯ ಮೇಲೆ ಬರೆದುಕೊಡಬಲ್ಲ. ಮೊದಲ ವರ್ಷಗಳಲ್ಲಿ ದಂಡ ಬೇಡ, ಎಚ್ಚರಿಕೆ ಸಾಕು. ಸಾರಿಗೆ ಇಲಾಖೆ ಇದನ್ನು ಒಂದೆರಡು ಜಿಲ್ಲೆಗಳಲ್ಲಾದರೂ ಪ್ರಯೋಗಕ್ಕೆ ಇಳಿಸಿ ನೋಡಬೇಕು.

ಅಲ್ಲಿಯವರೆಗೆ ಉಳಿದಿರುವುದು ಮನೆಯಂಗಳ.

ನೋಡುವುದು ಕಷ್ಟವಿಲ್ಲ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂಚಕ್ರದಲ್ಲಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಹಿಂದಿನಿಂದಲೋ ಕೆಳಗಿನಿಂದಲೋ ಮೊಬೈಲಿನ ಬೆಳಕು ಬಿಟ್ಟರೆ ಡಿಸ್ಕಿನ ಎರಡೂ ಬದಿ ಪ್ಯಾಡಿನ ಅಂಚು ಕಾಣುತ್ತದೆ. ಬಹಳಷ್ಟು ಪ್ಯಾಡುಗಳಲ್ಲಿ ಸವೆತ ತೋರಿಸಲೆಂದೇ ಒಂದು ಗೀರು ಕೊರೆದಿರುತ್ತಾರೆ. ಗೀರು ಮಾಸಿತೆಂದರೆ ಪ್ಯಾಡ್ ಮುಗಿಯಿತು. ಎರಡೂ ಪ್ಯಾಡ್ ಸಮನಾಗಿ ಸವೆದಿದ್ದರೆ ಕ್ಯಾಲಿಪರ್ ಆರೋಗ್ಯವಾಗಿದೆ ಎಂದರ್ಥ. ಒಂದು ದಪ್ಪ ಇನ್ನೊಂದು ತೆಳು ಇದ್ದರೆ ಕ್ಯಾಲಿಪರ್ ಅತ್ತಿತ್ತ ಸರಿಯಬೇಕಾದ ಪಿನ್ನುಗಳು ತುಕ್ಕು ಹಿಡಿದೋ ಕೆಸರು ತುಂಬಿಯೋ ಬಿಗಿದುಕೊಂಡಿವೆ. ಇಂಥ ಬೈಕಿಗೆ ಹೊಸ ಪ್ಯಾಡ್ ಹಾಕಿದರೂ ಕೆಲವೇ ತಿಂಗಳಲ್ಲಿ ಅದೇ ಪಾಡು.

ಬ್ರೇಕ್ ಆಯಿಲ್ ಡಬ್ಬಿಯ ಕಿಟಕಿಯೂ ಒಂದು ಸೂಚಕ. ಪ್ಯಾಡ್ ಸವೆದಷ್ಟೂ ಅದನ್ನು ತಳ್ಳುವ ಪಿಸ್ಟನ್ ಹೊರಕ್ಕೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗಿಳಿಯುತ್ತದೆ, ಡಬ್ಬಿಯಲ್ಲಿ ಮಟ್ಟ ಕಡಿಮೆಯಾಗುತ್ತದೆ. ಅದನ್ನು ಕಂಡ ತಕ್ಷಣ ಆಯಿಲ್ ತುಂಬಿಸಿಬಿಡುವ ಅಭ್ಯಾಸ ಹಲವರಿಗಿದೆ. ಅದು ತಪ್ಪು. ಸೋರಿಕೆ ಇಲ್ಲದೆ ಮಟ್ಟ ನಿಧಾನವಾಗಿ ಇಳಿದಿದ್ದರೆ ಬೈಕು ಕೇಳುತ್ತಿರುವುದು ಹೊಸ ಪ್ಯಾಡನ್ನು.

ಬದಲಾಯಿಸಲು ಬೇಕಾದ ಸಲಕರಣೆ ಒಂದು ಚಿಕ್ಕ ಡಬ್ಬದಲ್ಲಿ ಹಿಡಿಸುತ್ತದೆ. ಕ್ಯಾಲಿಪರ್ ಬೋಲ್ಟಿಗೆ ಸರಿಯಾದ ಅಳತೆಯ ಸ್ಪ್ಯಾನರ್, ಪ್ಯಾಡ್ ಪಿನ್ನಿಗೆ ಅಲೆನ್ ಕೀ, ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು, ಬ್ರೇಕ್ ಕ್ಲೀನರ್, ಸಿಲಿಕೋನ್ ಗ್ರೀಸ್, ಒಂದಿಷ್ಟು ಬಟ್ಟೆ, ಕೈಗವಸು, ಮಾಸ್ಕ್. ಸಾಧ್ಯವಿದ್ದವರು ಟಾರ್ಕ್ ರೆಂಚ್ ಕೊಳ್ಳಲಿ, ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಆದೀತು. ಸಾಮಾನ್ಯ ಬೈಕುಗಳ ಪ್ಯಾಡಿಗೆ ತಗಲುವುದು ಕೆಲವು ನೂರು ರೂಪಾಯಿ ಅಷ್ಟೇ.

ಕೆಲಸಕ್ಕೊಂದು ಕ್ರಮ ಇದೆ, ಆ ಕ್ರಮಕ್ಕೆ ಕಾರಣಗಳೂ ಇವೆ. ಪ್ಯಾಡ್ ಪಿನ್ನನ್ನು ಮೊದಲೇ, ಕ್ಯಾಲಿಪರ್ ಇನ್ನೂ ಫೋರ್ಕಿಗೆ ಬಿಗಿದಿರುವಾಗಲೇ ಸಡಿಲಿಸಬೇಕು. ಬಿಚ್ಚಿ ಕೈಯಲ್ಲಿ ಹಿಡಿದ ಮೇಲೆ ಆ ಬಿಗಿ ಪಿನ್ನು ಜಗ್ಗುವುದು ಕಷ್ಟ. ಆಮೇಲೆ ಎರಡು ಬೋಲ್ಟ್ ತೆಗೆದು ಕ್ಯಾಲಿಪರನ್ನು ಡಿಸ್ಕಿನಿಂದ ಜಾರಿಸಬೇಕು. ಅದನ್ನು ಪೈಪಿನ ಮೇಲೆ ಜೋತುಬಿಡಬಾರದು, ಹಗ್ಗದಲ್ಲಿ ಹ್ಯಾಂಡಲಿಗೆ ಕಟ್ಟಬೇಕು, ಭಾರಕ್ಕೆ ಪೈಪಿನ ಒಳಗಣ ಪದರ ಬಿರುಕು ಬಿಟ್ಟರೆ ಹೊರಗಿನಿಂದ ಕಾಣುವುದೇ ಇಲ್ಲ. ಕ್ಯಾಲಿಪರ್ ಹೊರಗಿರುವಾಗ ಯಾರೂ ಬ್ರೇಕ್ ಲಿವರ್ ಮುಟ್ಟಬಾರದು. ಅಂಗಳದಲ್ಲಿ ಆಡುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು, ಇಲ್ಲವಾದರೆ ಪಿಸ್ಟನ್ ಪೂರ್ತಿ ಹೊರಬಂದು ಆಯಿಲ್ ನೆಲಕ್ಕೆ ಸುರಿದೀತು.

ಹಳೆಯ ಪ್ಯಾಡ್ ಹೊರಬಂದ ಮೇಲೆ ಕಾಣುವ ಪಿಸ್ಟನ್ ಈ ಇಡೀ ಯಂತ್ರದ ಅತ್ಯಂತ ಸೊಗಸಾದ ಭಾಗ. ಬ್ರೇಕ್ ಹಿಡಿದಾಗ ಆಯಿಲಿನ ಒತ್ತಡ ಅದನ್ನು ಮುಂದಕ್ಕೆ ತಳ್ಳುತ್ತದೆ. ಬಿಟ್ಟಾಗ ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಚೌಕಾಕಾರದ ಅಂಚಿನ ಒಂದು ರಬ್ಬರ್ ಉಂಗುರ ಕೂತಿರುತ್ತದೆ. ಪಿಸ್ಟನ್ ಮುಂದೆ ಹೋದಾಗ ಆ ರಬ್ಬರ್ ಅದರ ಜೊತೆ ತಿರುಚಿಕೊಳ್ಳುತ್ತದೆ, ಒತ್ತಡ ತಗ್ಗಿದಾಗ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಪ್ಯಾಡ್ ಡಿಸ್ಕಿಗೆ ಸದಾ ಉಜ್ಜದೆ ಇರುವುದು ಅಷ್ಟೊಂದು ಚಿಕ್ಕ ಸೆಳೆತದಿಂದ. ಪ್ಯಾಡ್ ಸವೆದಾಗ ಪಿಸ್ಟನ್ ಆ ಉಂಗುರದೊಳಗೇ ಜಾರಿ ತಾನಾಗಿ ಮುಂದೆ ಬಂದು ಕೂರುತ್ತದೆ, ಹಾಗಾಗಿ ಡ್ರಮ್ ಬ್ರೇಕಿನಂತೆ ನಟ್ಟು ತಿರುಗಿಸಿ ಅಡ್ಜಸ್ಟ್ ಮಾಡುವ ಕೆಲಸ ಡಿಸ್ಕಿಗೆ ಇಲ್ಲ.

ಇದನ್ನು ತಿಳಿದವರಿಗೆ ಮುಂದಿನ ಹೆಜ್ಜೆ ಏಕೆ ಮುಖ್ಯವೆಂದು ಯಾರೂ ಹೇಳಬೇಕಿಲ್ಲ. ಹೊಸ ದಪ್ಪ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕು. ಇಷ್ಟು ದಿನ ಹೊರಗಿದ್ದ ಅದರ ಮೈಮೇಲೆ ಕೆಸರು, ಬ್ರೇಕ್ ಪುಡಿ ಮೆತ್ತಿರುತ್ತದೆ. ತೊಳೆಯದೆ ಹಾಗೆಯೇ ಒತ್ತಿದರೆ ಆ ಮರಳು ನೇರ ರಬ್ಬರ್ ಉಂಗುರದೊಳಗೆ ಹೋಗಿ ಗೀರುತ್ತದೆ. ಮುಂದೊಂದು ದಿನ ಪಿಸ್ಟನ್ ಬಿಗಿದುಕೊಂಡು ಬ್ರೇಕ್ ಹಿಡಿದಂತೆಯೇ ಉಳಿಯುತ್ತದೆ, ಅಥವಾ ಆಯಿಲ್ ಸೋರುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಸ್ಕ್ರೂಡ್ರೈವರ್ ಮೀಟಿ ಪಿಸ್ಟನ್ ತಳ್ಳಿ ಐದೇ ನಿಮಿಷದಲ್ಲಿ ಮುಗಿಸುವುದುಂಟು. ಮನೆಯಲ್ಲಿ ಆ ಅವಸರ ಇಲ್ಲ. ಸೋಪಿನ ನೀರಿನಲ್ಲಿ ಬ್ರಷ್ಷಾಡಿಸಿ, ಒರೆಸಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ ಸುತ್ತ ಬಟ್ಟೆ ಕಟ್ಟಿ, ಹೆಬ್ಬೆರಳಿನಿಂದ ನಿಧಾನವಾಗಿ ಒತ್ತಿದರೆ ಪಿಸ್ಟನ್ ಒಳಸರಿಯುತ್ತದೆ. ಹಿಂದೆ ಯಾರಾದರೂ ಆಯಿಲ್ ತುಂಬಿಸಿದ್ದರೆ ಅದು ಈಗ ಉಕ್ಕಿ ಬರುತ್ತದೆ, ಬಿದ್ದಲ್ಲಿ ಬಣ್ಣವನ್ನು ತಿನ್ನುತ್ತದೆ. ತಕ್ಷಣ ನೀರು ಹಾಕಿ ತೊಳೆಯಬೇಕು.

ಸರಿಯುವ ಪಿನ್ನುಗಳನ್ನು ಒರೆಸಿ ಸಿಲಿಕೋನ್ ಗ್ರೀಸ್ ಸವರುವುದು ಎರಡು ನಿಮಿಷದ ಕೆಲಸ. ಚಕ್ರದ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡ, ಬ್ರೇಕಿನ ರಬ್ಬರ್ ಭಾಗಗಳು ಖನಿಜ ತೈಲಕ್ಕೆ ಊದಿಕೊಳ್ಳುತ್ತವೆ. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಯಾವ ಗ್ರೀಸೂ, ಯಾವ ಎಣ್ಣೆಯೂ ಸೋಕಬಾರದು. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಬೆರಳು ಸವರಿದಾಗ ಅಂಚಿನಲ್ಲಿ ದಿಂಡು ಎದ್ದಿದ್ದರೆ, ಆಳದ ಗೀರುಗಳಿದ್ದರೆ ಅಳೆಸಿ ನೋಡಬೇಕು. ಹೊಸ ಪ್ಯಾಡ್ ಕೂರಿಸಿ, ಹಿಂದಿನ ಸ್ಪ್ರಿಂಗ್ ತಗಡು ಇದ್ದ ಜಾಗದಲ್ಲೇ ಇದೆಯೇ ಎಂದು ಖಚಿತಪಡಿಸಿಕೊಂಡು, ಬೋಲ್ಟುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ, ಡಬ್ಬಿಯ ಮುಚ್ಚಳ ಹಾಕಿದರೆ ಕೆಲಸ ಮುಗಿದಂತೆ ತೋರುತ್ತದೆ.

ಮುಗಿದಿಲ್ಲ. ಪಿಸ್ಟನ್ ಈಗ ಪೂರ್ತಿ ಒಳಗಿದೆ, ಪ್ಯಾಡಿಗೂ ಅದಕ್ಕೂ ನಡುವೆ ಅಂತರವಿದೆ. ಮೊದಲ ಸಲ ಲಿವರ್ ಒತ್ತಿದಾಗ ಅದು ಹ್ಯಾಂಡಲಿಗೆ ತಾಗುವವರೆಗೂ ಬರುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಲಿವರ್ ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ ಬಿಟ್ಟ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಮನೆಯಲ್ಲಿ ಪ್ಯಾಡ್ ಬದಲಿಸುವವರು ಒಂದೇ ಒಂದು ಮಾತನ್ನು ನೆನಪಿಡಬಲ್ಲರಾದರೆ ಅದು ಇದೇ ಆಗಿರಲಿ. ಹೊಸ ಪ್ಯಾಡ್ ಮೊದಲ ದಿನವೇ ಪೂರ್ತಿ ಹಿಡಿತ ಕೊಡುವುದೂ ಇಲ್ಲ, ಅದರ ಮುಖ ಡಿಸ್ಕಿಗೆ ಹೊಂದಿಕೊಳ್ಳಬೇಕು. ಮೊದಲ ಕೆಲವು ಹತ್ತು ಕಿಲೋಮೀಟರ್ ಖಾಲಿ ರಸ್ತೆಯಲ್ಲಿ ಹದವಾಗಿ ಬ್ರೇಕ್ ಹಿಡಿಯುತ್ತ, ಬಿಡುತ್ತ ಪಳಗಿಸಬೇಕು. ಮರುದಿನವೇ ಚಾರ್ಮಾಡಿ ಘಾಟಿ ಇಳಿಯುವ ಯೋಜನೆ ಇದ್ದರೆ ಒಂದು ವಾರ ಮುಂದೂಡುವುದು ಲೇಸು.

ಬ್ರೇಕಿನ ಶತ್ರುಗಳಲ್ಲಿ ಕೆಲವನ್ನು ಸವಾರರೇ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಊರೂರಿನ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಬೈಕ್ ತೊಳೆದ ಮೇಲೆ ಹೊಳಪಿಗೆಂದು ಡೀಸೆಲ್ ಅಥವಾ ಎಣ್ಣೆ ಸ್ಪ್ರೇ ಮಾಡುವ ರೂಢಿ ಇದೆ. ಎಂಜಿನ್ ಮಿರಮಿರ ಮಿಂಚುತ್ತದೆ ನಿಜ, ಆದರೆ ಆ ತುಂತುರು ಡಿಸ್ಕಿನ ಮೇಲೂ ಕೂರುತ್ತದೆ. ಪ್ಯಾಡ್ ಅದನ್ನು ಹೀರಿಕೊಂಡಿತೆಂದರೆ ಎಷ್ಟು ದಪ್ಪ ಉಳಿದಿದ್ದರೂ ಬಿಸಾಡಬೇಕಾದದ್ದೇ. ಚೈನಿಗೆ ಲೂಬ್ ಹೊಡೆಯುವಾಗ ಹಿಂದಿನ ಡಿಸ್ಕಿಗೆ ಬಟ್ಟೆ ಮುಚ್ಚದಿರುವುದು, ಮುಂದಿನ ಫೋರ್ಕಿನ ಸೀಲ್ ಒಡೆದು ಆಯಿಲ್ ಕ್ಯಾಲಿಪರ್ ಕಡೆ ಇಳಿಯುತ್ತಿದ್ದರೂ ಸುಮ್ಮನಿರುವುದು, ಇವೂ ಅಷ್ಟೇ ಅಪಾಯ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ ಎಂದು ಹೊಸ ಸವಾರರಿಗೆ ಹಿರಿಯರು ಹೇಳಿಕೊಡುವ ಪಾಠ ಇನ್ನೊಂದು ತೊಡಕು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಮುಂಚಕ್ರ ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂಚಕ್ರ ಹಗುರಾಗುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಅದನ್ನು ಹದವಾಗಿ, ನೇರ ಹೋಗುವಾಗ, ಹಿಂದಿನದರ ಜೊತೆಗೆ ಬಳಸಲು ಕಲಿಸಬೇಕೇ ಹೊರತು ಮುಟ್ಟಲೇಬೇಡ ಎನ್ನಬಾರದು. ಮುಟ್ಟದ ಬ್ರೇಕಿನ ಪ್ಯಾಡ್ ಮೇಲ್ಮೈ ಗಾಜಿನಂತೆ ನುಣುಪಾಗಿ, ಪಿನ್ನುಗಳು ತುಕ್ಕು ಹಿಡಿದು, ಬೇಕಾದ ದಿನ ಕೈಕೊಡುತ್ತದೆ. ಬ್ರೇಕ್ ಹಿಡಿದಾಗ ಮೋಟಾರೇ ವೇಗ ತಗ್ಗಿಸುವ ಎಲೆಕ್ಟ್ರಿಕ್ ಸ್ಕೂಟರುಗಳಲ್ಲೂ ಪ್ಯಾಡ್ ಕಡಿಮೆ ಸವೆಯುತ್ತದೆ. ಹಾಗೆಂದು ನೋಡುವುದನ್ನು ಬಿಡುವಂತಿಲ್ಲ, ಅಲ್ಲಿ ಸವೆತಕ್ಕಿಂತ ತುಕ್ಕು, ಬಿಗಿತಗಳನ್ನು ಹುಡುಕಬೇಕು.

ಪ್ಯಾಡಿನ ಪುಡಿಯ ಬಗ್ಗೆ ಒಂದು ಮಾತು ಗಂಭೀರವಾಗಿ ಹೇಳಬೇಕು. ಹಿಂದೆ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಧಾರಾಳವಾಗಿ ಇರುತ್ತಿತ್ತು. ಅದರ ನಾರು ಶ್ವಾಸಕೋಶ ಸೇರಿ ಕ್ಯಾನ್ಸರ್ ತರುವುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಗುರುತಿಸಿರುವ ಸಂಗತಿ. ಕಲ್ನಾರಿನ ನಡುವೆ ದುಡಿಯುವ ಕಾರ್ಮಿಕರ ಆರೋಗ್ಯ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ನಿರ್ದೇಶನ ಕೊಟ್ಟಿತು. ಹೆಸರಾಂತ ತಯಾರಕರ ಪ್ಯಾಡುಗಳು ಈಗ ಕಲ್ನಾರು ರಹಿತ ಎಂದೇ ಬರುತ್ತವೆ. ಹೆಸರಿಲ್ಲದ ಪೊಟ್ಟಣದ ಮಾಲಿಗೆ, ಹಳೆಯ ಬೈಕಿನ ಹಿಂದಿನ ಡ್ರಮ್ಮಿನೊಳಗಿನ ಶೂಗಳಿಗೆ ಆ ಭರವಸೆ ಕೊಡುವವರಿಲ್ಲ. ಡ್ರಮ್ ಬಿಚ್ಚಿದೊಡನೆ ಬಾಯಿಂದ ಊದುವ, ಕಂಪ್ರೆಸರ್ ಗಾಳಿ ಬಿಡುವ ಅಭ್ಯಾಸ ಮೆಕ್ಯಾನಿಕ್‌ಗಳಲ್ಲಿ ಬೇರೂರಿದೆ. ದಿನಕ್ಕೆ ಹತ್ತು ಬೈಕ್ ಬಿಚ್ಚುವ ಹದಿಹರೆಯದ ಹೆಲ್ಪರ್ ಹುಡುಗರ ಎದೆಗೆ ಆ ಪುಡಿ ಹೋಗುತ್ತದೆ. ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದರೆ ಪುಡಿ ಹಾರುವುದಿಲ್ಲ. ಮನೆಯಲ್ಲಿ ಮಾಡುವವರೂ ಗ್ಯಾರೇಜಿನವರೂ ಇಷ್ಟನ್ನು ಪಾಲಿಸಲೇಬೇಕು.

ನಕಲಿ ಮಾಲಿನ ಕಾಟ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಒಂದೇ ಬೈಕಿಗೆ ಹಲವು ದರದ ಪ್ಯಾಡ್ ಸಿಗುತ್ತದೆ. ದರ ಕಡಿಮೆ ಇದ್ದದ್ದೆಲ್ಲ ಕಳಪೆಯಲ್ಲ. ಚೆನ್ನೈನ ರಾಣೆ, ಸುಂದರಂ ಅಂಥ ಕಂಪನಿಗಳು ಬ್ರೇಕ್ ಲೈನಿಂಗ್ ಮಾಡುತ್ತಲೇ ದಶಕಗಳನ್ನು ಕಳೆದಿವೆ. ಅಪಾಯ ಇರುವುದು ಬೈಕ್ ಕಂಪನಿಯ ಡಬ್ಬಿಯನ್ನು ಹೋಲುವ ಡಬ್ಬಿಯಲ್ಲಿ, ತಗಡಿನಿಂದ ಪದರವೇ ಕಿತ್ತುಬರುವ ಪ್ಯಾಡಿನಲ್ಲಿ. ಪ್ಯಾಡನ್ನು ಸ್ವತಃ ಕೊಂಡು ತರುವವರು ಡಬ್ಬಿ, ಹೊಲೊಗ್ರಾಂ, ಬಿಲ್ ಮೂರನ್ನೂ ನೋಡಬಹುದು. ಗ್ಯಾರೇಜಿಗೆ ಬಿಟ್ಟು ಬಂದವರಿಗೆ ಏನು ಹಾಕಿದರೆಂಬುದೇ ಗೊತ್ತಿರುವುದಿಲ್ಲ. ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಲು ಇದೊಂದೇ ಸಾಕಷ್ಟು ದೊಡ್ಡ ಕಾರಣ.

ಬ್ರೇಕಿನಂಥ ಜೀವದ ಭಾಗಕ್ಕೆ ಕಲಿಯದವರು ಕೈಹಾಕುವುದೇ ಎಂಬ ಆಕ್ಷೇಪ ಸಹಜ, ಅದರಲ್ಲಿ ತೂಕವೂ ಇದೆ. ಆದ್ದರಿಂದ ಗೆರೆ ಎಲ್ಲಿ ಎಳೆಯಬೇಕೆಂದು ಸ್ಪಷ್ಟವಿರಲಿ. ಪ್ಯಾಡ್ ನೋಡುವುದು ಎಲ್ಲರ ಕೆಲಸ. ಬದಲಿಸುವುದು, ಪಿನ್ನು ತೊಳೆಯುವುದು ತಾಳ್ಮೆಯುಳ್ಳವರ ಕೆಲಸ, ಮೊದಲ ಸಲ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕು. ಲಿವರ್ ಸ್ಪಂಜಿನಂತೆ ಮೆತ್ತಗಿದ್ದರೆ, ಆಯಿಲ್ ಎಲ್ಲಾದರೂ ಒಸರುತ್ತಿದ್ದರೆ, ಪಿಸ್ಟನ್ ಹೆಬ್ಬೆರಳಿಗೆ ಜಗ್ಗದಿದ್ದರೆ, ಎಬಿಎಸ್ ದೀಪ ಆರದಿದ್ದರೆ ಅಲ್ಲಿಗೆ ನಿಲ್ಲಿಸಿ ಅನುಭವಸ್ಥ ಮೆಕ್ಯಾನಿಕ್ ಬಳಿ ಒಯ್ಯಬೇಕು. ಬ್ರೇಕ್ ಆಯಿಲ್ ಬದಲಿಸುವುದೂ ಸಾಮಾನ್ಯರಿಗೆ ಬೇಡ, ಆದರೆ ಎರಡು ವರ್ಷಕ್ಕೊಮ್ಮೆ ಕೇಳಿ ಬದಲಿಸಿಕೊಳ್ಳಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ 3.7ರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲಗಳನ್ನು ದಾಟಿದ ಆಯಿಲ್ ಉದ್ದನೆಯ ಘಾಟಿಯಲ್ಲಿ ಕುದಿದು ಆವಿಯ ಗುಳ್ಳೆ ಕಟ್ಟಿದರೆ, ಎಷ್ಟೇ ಹೊಸ ಪ್ಯಾಡ್ ಇದ್ದರೂ ಲಿವರ್ ಖಾಲಿ ಹೋಗುತ್ತದೆ. ಮೆಕ್ಯಾನಿಕ್ ಬೇಡ ಎಂಬ ವಾದ ಇದಲ್ಲ. ಪ್ಯಾಡನ್ನು ತಾನೇ ನೋಡಿ ಬಂದ ಗಿರಾಕಿಗೆ ಒಳ್ಳೆಯ ಮೆಕ್ಯಾನಿಕ್‌ನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ತನ್ನ ಬೈಕನ್ನು ತಾನೇ ಬಿಚ್ಚಿ ಜೋಡಿಸುವುದು ಕರ್ನಾಟಕಕ್ಕೆ ಹೊಸತೇನಲ್ಲ. ಮೈಸೂರಿನಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಅವು ಉಳಿದದ್ದು ಮಾಲೀಕರು ಸ್ಪ್ಯಾನರ್ ಹಿಡಿಯಲು ಕಲಿತದ್ದರಿಂದ. ಜುಲೈನ ಎರಡನೇ ಭಾನುವಾರ ಜಾವಾ ದಿನವೆಂದು ಸೇರುವವರಲ್ಲಿ ಬ್ರೇಕ್ ಶೂ ಬದಲಿಸಲು ಬಾರದವರು ವಿರಳ. ಅವುಗಳಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಎಂಜಿನಿಯರ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರೂ ಮೋಟಾರ್‌ಸೈಕಲ್ಲುಗಳಲ್ಲಿ ಅದು ವ್ಯಾಪಕವಾದದ್ದು 1969ರ ಹೋಂಡಾ ಸಿಬಿ 750 ಬಂದ ಮೇಲೆ. ಪ್ಯಾಡ್ ಬದಲಿಸುವುದು ಡ್ರಮ್ಮಿನ ಶೂ ಬದಲಿಸುವುದಕ್ಕಿಂತ ಸುಲಭ, ಚಕ್ರ ಕಳಚಬೇಕಾದ ಗೋಜೇ ಇಲ್ಲ. ಡಿಸ್ಕ್ ಎಂದೊಡನೆ ಹಿಂಜರಿಯುವುದಕ್ಕೆ ಕಾರಣವಿಲ್ಲ.

ಬೈಕ್ ಕಂಪನಿಗಳು ಇಲ್ಲಿ ಮಾಡಬೇಕಾದದ್ದು ಬಹಳವಿದೆ. ಕರ್ನಾಟಕದಲ್ಲಿ ಮಾರುವ ಪ್ರತಿ ಬೈಕಿನ ಜೊತೆ ಕನ್ನಡದ ಕೈಪಿಡಿ ಬರಬೇಕು, ಅದರಲ್ಲಿ ಪ್ಯಾಡಿನ ಸವೆತದ ಗೀರು ಎಲ್ಲಿದೆ ಎಂಬ ಚಿತ್ರವೂ, ಕ್ಯಾಲಿಪರ್ ಬೋಲ್ಟಿನ ಬಿಗಿ ಎಷ್ಟೆಂಬ ಅಂಕಿಯೂ ಇರಬೇಕು. ಡೀಲರ್ ಬಳಿ ಹೋಗಿ ಎಂಬ ಒಂದು ಸಾಲಿನಿಂದ ಹಳ್ಳಿಯಲ್ಲಿರುವ ಸವಾರನಿಗೆ ಉಪಯೋಗವಿಲ್ಲ, ಅವನಿಗೆ ಹತ್ತಿರದ ಡೀಲರ್ ಇರುವುದು ತಾಲ್ಲೂಕು ಕೇಂದ್ರದಲ್ಲೋ ಜಿಲ್ಲಾ ಕೇಂದ್ರದಲ್ಲೋ. ಸೀಟಿನಡಿಯ ಟೂಲ್ ಕಿಟ್ಟಿನಲ್ಲಿ ಕ್ಯಾಲಿಪರಿಗೆ ಹೊಂದುವ ಸ್ಪ್ಯಾನರ್, ಅಲೆನ್ ಕೀ ಇಡುವುದಕ್ಕೆ ಕಂಪನಿಗೆ ಆಗುವ ಖರ್ಚು ಅತ್ಯಲ್ಪ. ಐಟಿಐಗಳು ರಜೆಯ ದಿನಗಳಲ್ಲಿ ಸಾರ್ವಜನಿಕರಿಗೆ ಅರ್ಧ ದಿನದ ಬ್ರೇಕ್ ಶಿಬಿರ ನಡೆಸಬಹುದು, ಕಟ್ಟಡ, ಸಲಕರಣೆ, ಕಲಿಸುವವರು ಅಲ್ಲಿ ಈಗಾಗಲೇ ಇದ್ದಾರೆ.

ಎಲ್ಲರಿಗಿಂತ ಹೆಚ್ಚು ತುರ್ತು ಇರುವುದು ಮನೆಮನೆಗೆ ಊಟ, ದಿನಸಿ ತಲುಪಿಸುವ ಸವಾರರಿಗೆ. ಬೆಳಗಿನಿಂದ ರಾತ್ರಿವರೆಗೆ ನಿಲ್ಲುತ್ತ, ಹೊರಡುತ್ತ, ಮಳೆಯಲ್ಲೂ ಓಡುವ ಅವರ ಬೈಕಿನ ಪ್ಯಾಡ್ ಬೇರೆಯವರದಕ್ಕಿಂತ ಬೇಗ ಮುಗಿಯುತ್ತದೆ. ಗ್ಯಾರೇಜಿನಲ್ಲಿ ಅರ್ಧ ದಿನ ನಿಂತರೆ ಆ ದಿನದ ದುಡಿಮೆ ಹೋಯಿತೆಂದು ಅವರು ಮುಂದೂಡುತ್ತಾರೆ, ಆ ಮುಂದೂಡಿಕೆಗೆ ಅವರನ್ನು ದೂರುವುದು ನ್ಯಾಯವಲ್ಲ. ಕರ್ನಾಟಕ 2025ರಲ್ಲಿ ಇವರಂಥ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆಯು ಕಂಪನಿಗಳಿಂದ, ಕಾರ್ಮಿಕರಿಗೆ ಪಾವತಿಸುವ ಹಣದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಕೊಟ್ಟಿದೆ, ಅದಕ್ಕೊಂದು ಮಂಡಳಿಯನ್ನೂ ರೂಪಿಸಿದೆ. ಅಪಘಾತವಾದ ಮೇಲೆ ಪರಿಹಾರ ಕೊಡುವುದು ಆ ಮಂಡಳಿಯ ಕೆಲಸವಾದರೆ, ಅದಕ್ಕೆ ಮುಂಚೆ ಒಂದು ಜೊತೆ ಪ್ಯಾಡ್ ಕೊಡಿಸುವುದೂ ಅದರ ಕೆಲಸವಾಗಬಹುದು. ಆರ್ಡರಿಗೆ ಕಾದು ನಿಲ್ಲುವ ಗೋದಾಮುಗಳ ಬಳಿ ಒಂದು ನೆರಳು, ಒಂದು ಸ್ಟ್ಯಾಂಡ್, ಸ್ಪ್ಯಾನರ್ ಸೆಟ್, ಸಗಟು ದರದ ಅಸಲಿ ಪ್ಯಾಡುಗಳು, ಕೈಹಿಡಿದು ತೋರಿಸುವ ಒಬ್ಬ ಮೆಕ್ಯಾನಿಕ್: ಇಷ್ಟನ್ನು ಕಂಪನಿಗಳು ಒದಗಿಸಬೇಕೆಂದು ಮಂಡಳಿ ಕೇಳಬೇಕು, ಮುಂದಿನ ಮಳೆಗಾಲ ಬರುವ ಮೊದಲೇ ಕೇಳಬೇಕು.